ದೇವದೂತ ಎಂಬ ಹೆಸರಿನ ಕಾವಲುಗಾರ

ನಮ್ಮ ಮೇಲೆ ದರ್ಪ ನಡೆಸುವವನನ್ನು ನೋಡಿ ನಾವು ನಕ್ಕರೆ ಅವನ ದರ್ಪ ಕಡಿಮೆಯಾಗುತ್ತದೆಯೇ? ಅಥವಾ ನಕ್ಕು ಹಗುರಾದ ನಾವು, ಮರುದಿನ ಬೆಳಿಗ್ಗೆ ಅದೇ ದರ್ಪವನ್ನು ಹೊರಲು ಇನ್ನಷ್ಟು ಸಿದ್ಧರಾಗಿ ಏಳುತ್ತೇವೆಯೇ? ಪ್ರಶ್ನೆ ಹೊಸದೇನಲ್ಲ. ಕಥೆ ಬರೆಯುವವರನ್ನೂ ನಾಟಕ ಆಡುವವರನ್ನೂ ಇದು ಯಾವತ್ತೂ ಕಾಡಿದೆ. ನಮ್ಮನ್ನು ಇದು ಇತ್ತೀಚೆಗೆ ಮತ್ತೆ ಕಾಡತೊಡಗಿದ್ದು ಪೋಲೆಂಡಿನ ಒಂದು ಹಳೆಯ ಟೆಲಿವಿಷನ್ ಧಾರಾವಾಹಿಯ ನೆಪದಲ್ಲಿ.

ಧಾರಾವಾಹಿಯ ಹೆಸರು ‘ಆಲ್ತೆರ್ನತಿವಿ 4’. ಒಂಬತ್ತೇ ಕಂತುಗಳು. ನಿರ್ದೇಶಕ ಸ್ತಾನಿಸ್ವಾಫ್ ಬರೆಯಾ. 1983ರ ಹೊತ್ತಿಗೆ ಸಿದ್ಧವಾಗಿದ್ದ ಇದನ್ನು ಜನ ನೋಡಿದ್ದು 1986ರಲ್ಲಿ. ಅದು ತಮಾಷೆ ಮಾಡಿದ ಕಮ್ಯುನಿಸ್ಟ್ ಆಡಳಿತ 1989ರಲ್ಲಿ ಮುಗಿದುಹೋಯಿತು. ಅಂಗಡಿ ಮುಂದಿನ ಸರತಿ ಸಾಲುಗಳು ಹೋದವು, ರೇಷನ್ ಚೀಟಿ ಹೋಯಿತು, ಸೆನ್ಸಾರ್ ಕಚೇರಿ ಮುಚ್ಚಿತು. ಆದರೆ ಆ ದೇಶದ ಜನ ಈ ಧಾರಾವಾಹಿಯನ್ನು ಮಾತ್ರ ಬಿಡಲಿಲ್ಲ. ಅಪ್ಪ ಅಮ್ಮ ನಕ್ಕ ಜಾಗದಲ್ಲೇ ಮಕ್ಕಳೂ ನಗುತ್ತಾರೆ. ಯಾವುದಾದರೂ ಕಚೇರಿಯಲ್ಲಿ ತಲೆಬುಡವಿಲ್ಲದ ನಿಯಮ ಎದುರಾದರೆ ‘ಬರೆಯಾನ ಸಿನಿಮಾದ ಹಾಗಿದೆ’ ಎನ್ನುವುದು ಅಲ್ಲಿ ಈಗಲೂ ಮನೆಮಾತು. ಭಾಷೆ ಬಾರದ ನಾವು ಇಂಗ್ಲಿಷ್ ಅಡಿಬರಹದ ನೆರವಿನಿಂದ ಒಂಬತ್ತೂ ಕಂತುಗಳನ್ನು ನೋಡಿದೆವು. ಅರ್ಧ ತಮಾಷೆ ನಮಗೆ ದಕ್ಕಿರಲಿಕ್ಕಿಲ್ಲ. ದಕ್ಕಿದ ಇನ್ನರ್ಧವೇ ನಿದ್ದೆ ಕೆಡಿಸಿತು.

ಕಥೆ ಸರಳ. ವಾರ್ಸಾ ನಗರದ ದಕ್ಷಿಣಕ್ಕೆ ಉರ್ಸಿನುಫ್ ಎಂಬ ಹೊಸ ಬಡಾವಣೆ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಕಾಂಕ್ರೀಟ್ ಗೋಡೆಗಳನ್ನು ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ, ಒಂದರ ಮೇಲೊಂದು ಜೋಡಿಸಿದ ವಸತಿ ಕಟ್ಟಡಗಳ ಸಾಲು. ಅಂಥದೊಂದು ಕಟ್ಟಡದಲ್ಲಿ ಮನೆ ಮಂಜೂರಾದವರು ಗಂಟುಮೂಟೆ ಕಟ್ಟಿಕೊಂಡು ಬರುತ್ತಾರೆ. ಪ್ರೊಫೆಸರರಿದ್ದಾರೆ, ಕುಡುಕನಿದ್ದಾನೆ, ಕ್ರೇನ್ ನಡೆಸುವವನಿದ್ದಾನೆ, ಪಕ್ಷದ ಮುಖಂಡನಿದ್ದಾನೆ. ಒಂದು ಮನೆಯಂತೂ ಎರಡು ಸಂಸಾರಗಳಿಗೆ ಮಂಜೂರಾಗಿಬಿಟ್ಟಿದೆ. ಇವರೆಲ್ಲರಿಗಿಂತ ಮೊದಲೇ ಬಂದು ನೆಲೆ ಊರಿದವನೊಬ್ಬನಿದ್ದಾನೆ. ಪುವ್ತುಸ್ಕ್ ಎಂಬ ಸಣ್ಣ ಊರಿನಿಂದ ಬಂದ ಸ್ತಾನಿಸ್ವಾಫ್ ಆನ್ಯೊವ್. ಕಟ್ಟಡದ ಕಾವಲುಗಾರ. ಪೋಲಿಷ್ ಭಾಷೆಯಲ್ಲಿ ಆನ್ಯೊವ್ ಎಂದರೆ ದೇವದೂತ. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ ಫರಿಶ್ತೆ.

ಈ ಫರಿಶ್ತೆ ಏನು ಮಾಡುತ್ತಾನೆ? ಬಾಡಿಗೆದಾರರಿಗೆ ಬಂದ ಕಾಗದಗಳನ್ನು ಒಡೆದು ಓದುತ್ತಾನೆ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಗಮನಿಸುತ್ತಾನೆ. ಮಾದರಿ ಕಟ್ಟಡ ಎನಿಸಿಕೊಳ್ಳುವ ಹುಚ್ಚಿನಲ್ಲಿ ಜನರನ್ನು ಶ್ರಮದಾನಕ್ಕೆ ಇಳಿಸುತ್ತಾನೆ, ಹಾಡು ಬಾರದವರನ್ನೂ ಎಳೆತಂದು ಮೇಳ ಕಟ್ಟಿ ಹಾಡಿಸುತ್ತಾನೆ. ಮೇಲಿನವರು ಬಂದರೆ ನಡು ಬಗ್ಗಿಸುತ್ತಾನೆ, ಅವರು ಬೆನ್ನು ತಿರುಗಿಸಿದ ಕೂಡಲೇ ಎದೆ ಸೆಟೆಸುತ್ತಾನೆ. ಅವನನ್ನು ‘ಕಾವಲುಗಾರ’ ಎಂದರೆ ಸಿಟ್ಟು. ಅವನ ಹುದ್ದೆಗೆ ಕಾಗದದ ಮೇಲೆ ಇರುವ ಹೆಸರು ‘ಗೊಸ್ಪೊದಾಶ್ ದೋಮು’. ಮನೆಯ ಯಜಮಾನ ಎಂದು ಹೆಚ್ಚು ಕಡಿಮೆ ಅರ್ಥ. ಕಸ ಗುಡಿಸುವವನ ಕೆಲಸಕ್ಕೆ ಗೌರವ ತರಲೆಂದು ವ್ಯವಸ್ಥೆ ಆ ಹೆಸರು ಕೊಟ್ಟಿತ್ತು. ಆನ್ಯೊವ್ ಅದನ್ನು ಅಕ್ಷರಶಃ ನಂಬಿಬಿಟ್ಟ. ನಮಗನಿಸುತ್ತದೆ, ಇಡೀ ಧಾರಾವಾಹಿಯ ತಿರುಳು ಈ ಒಂದು ತಪ್ಪು ತಿಳಿವಳಿಕೆಯಲ್ಲಿದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಮನುಷ್ಯನ ಬಳಿ ಇರುವ ಶಕ್ತಿಯಾದರೂ ಏನು? ಅವನ ಸೊಂಟದಲ್ಲಿ ಬಂದೂಕಿಲ್ಲ, ಬೆನ್ನಿಗೆ ಸೈನ್ಯವಿಲ್ಲ. ಯಾರನ್ನೂ ಜೈಲಿಗೆ ಹಾಕಲಾರ. ಅವನ ಬಳಿ ಇರುವುದು ಕೀಲಿಗೊಂಚಲು ಮತ್ತು ‘ಇವನಿಗೆ ಮೇಲೆ ಯಾರೋ ಗೊತ್ತು’ ಎಂಬ ಪುಕಾರು. ಅಷ್ಟೇ. ಅಷ್ಟು ಸಾಕಾಗುತ್ತದೆ. ಏಕೆಂದರೆ ಬಾಗಿಲೊಳಗೆ ಇರುವ ಪ್ರತಿಯೊಬ್ಬನಿಗೂ ಒಂದು ಸಣ್ಣ ಅಂಜಿಕೆ ಇದೆ, ಇಲ್ಲವೇ ಒಂದು ಸಣ್ಣ ಆಸೆ ಇದೆ. ಒಬ್ಬನ ಮನೆ ಮಂಜೂರಾತಿಯಲ್ಲೇ ಏನೋ ಮಸಲತ್ತು. ಇನ್ನೊಬ್ಬನಿಗೆ ಗುಟ್ಟಿನ ವ್ಯವಹಾರ. ಮತ್ತೊಬ್ಬನಿಗೆ ಸುಮ್ಮನೆ ರಗಳೆ ಬೇಡ. ಒಬ್ಬೊಬ್ಬರೂ ತಮ್ಮ ಪಾಲಿನ ಸ್ವಾಭಿಮಾನದಿಂದ ಒಂದೊಂದು ಚೂರು ಮುರಿದು ಅವನ ಬುಟ್ಟಿಗೆ ಹಾಕುತ್ತಾರೆ. ಎಲ್ಲ ಚೂರುಗಳು ಸೇರಿ ಆನ್ಯೊವ್ ಆಗುತ್ತಾನೆ.

ಆ ಅಂಜಿಕೆಗೆ ಕಾರಣವಿರಲಿಲ್ಲವೇ ಎಂದರೆ ಖಂಡಿತ ಇತ್ತು. ಆ ಕಾಲದ ಪೋಲೆಂಡಿನಲ್ಲಿ ಒಂದು ಫ್ಲಾಟು ಸಿಗುವುದೆಂದರೆ ಸುಮ್ಮನೆ ಮಾತಲ್ಲ. ಸಹಕಾರ ಸಂಘದಲ್ಲಿ ಹೆಸರು ಬರೆಸಿ ಹತ್ತು ಹದಿನೈದು ವರ್ಷ ಕಾಯುವುದು ಸಾಮಾನ್ಯವಾಗಿತ್ತು. ಮದುವೆಯಾದವರು ಅಪ್ಪ ಅಮ್ಮನ ಮನೆಯ ಒಂದು ಕೋಣೆಯಲ್ಲೇ ಮಕ್ಕಳನ್ನು ಹೆತ್ತು ಬೆಳೆಸುತ್ತಿದ್ದರು. ಉರ್ಸಿನುಫ್‌ಗೆ ಮೊದಲ ನಿವಾಸಿಗಳು ಬಂದದ್ದು 1977ರ ಚಳಿಗಾಲದಲ್ಲಿ. ಅಂಥವರಿಗೆ ಕೆಸರು ರಸ್ತೆ, ಓರೆಯಾದ ಬಾಗಿಲು ಯಾವುದೂ ದೊಡ್ಡದಾಗಿ ಕಂಡಿರಲಾರದು. ಸಕ್ಕರೆಗೆ 1976ರಿಂದಲೇ ಚೀಟಿ ಬೇಕಿತ್ತು. ಮಾಂಸಕ್ಕೆ 1981ರಲ್ಲಿ ಬಂದ ಚೀಟಿ ಹೋದದ್ದು 1989ರಲ್ಲಿ. ರೇಡಿಯೊದಲ್ಲಿ ವಿದ್ಯುತ್ ಪೂರೈಕೆ ಎಷ್ಟನೆಯ ದರ್ಜೆಯಲ್ಲಿದೆ ಎಂದು ಪ್ರಕಟಿಸುತ್ತಿದ್ದರು; ಅಂಕಿ ಹೆಚ್ಚಿದಷ್ಟೂ ಕೊರತೆ ಹೆಚ್ಚು, ಇಪ್ಪತ್ತು ಎಂದರೆ ಅತ್ಯಂತ ಕೆಟ್ಟ ಸ್ಥಿತಿ. ಐದನೆಯ ಕಂತಿನ ಹೆಸರೇ ‘ವಿದ್ಯುತ್ತಿನ ಇಪ್ಪತ್ತನೇ ದರ್ಜೆ’. ಇಷ್ಟೆಲ್ಲ ಕೊರತೆಯ ನಡುವೆ ಕೈಗೆ ಬಂದ ಮನೆಯನ್ನು ಯಾರು ತಾನೆ ಒಬ್ಬ ಕಾವಲುಗಾರನೊಂದಿಗೆ ಜಗಳವಾಡಿ ಕಳೆದುಕೊಳ್ಳಲು ಬಯಸುತ್ತಾರೆ? ಆಯ್ಕೆಯೇ ಇಲ್ಲದ ಜನ ವಾಸಿಸುವ ಬೀದಿಗೆ ಚಿತ್ರಕಥೆಗಾರರು ‘ಆಲ್ತೆರ್ನತಿವಿ’, ಅಂದರೆ ಆಯ್ಕೆಯ ಬೀದಿ ಎಂದು ಹೆಸರಿಟ್ಟರು. ಆ ಹೆಸರಿನ ಬೀದಿ ಆಗ ವಾರ್ಸಾದ ನಕ್ಷೆಯಲ್ಲಿ ಇರಲಿಲ್ಲ.

ಆನ್ಯೊವ್ ಪಾತ್ರ ಮಾಡಿದವರು ರೋಮನ್ ವಿಲ್ಹೆಲ್ಮಿ. ಪೋಲಿಷ್ ಪ್ರೇಕ್ಷಕರಿಗೆ ಅವರು ಹೊಸಬರಲ್ಲ. ಅರವತ್ತರ ದಶಕದಲ್ಲಿ ಶುರುವಾದ ‘ನಾಲ್ವರು ಟ್ಯಾಂಕ್ ಸೈನಿಕರು ಮತ್ತು ಒಂದು ನಾಯಿ’ ಎಂಬ ಯುದ್ಧದ ಧಾರಾವಾಹಿಯಲ್ಲಿ ಟ್ಯಾಂಕಿನ ದಂಡನಾಯಕನಾಗಿ ಮಕ್ಕಳ ಕಣ್ಣಲ್ಲಿ ವೀರನಾಗಿದ್ದವರು. ಅದೇ ಧಾರಾವಾಹಿಯಲ್ಲಿದ್ದ ಯಾನುಷ್ ಗಾಯೊಸ್ ಮತ್ತು ವಿತೊಲ್ಡ್ ಪಿರ್ಕೊಷ್ ಕೂಡ ಇಲ್ಲಿ ಇದೇ ಕಟ್ಟಡದ ನಿವಾಸಿಗಳು. ಒಬ್ಬರು ಪಕ್ಷದ ಮನುಷ್ಯ, ಇನ್ನೊಬ್ಬರು ಕುಡುಕ ಬಾಲ್ತ್ಸೆರೆಕ್. ಬರ್ಲಿನ್‌ವರೆಗೆ ಹೋಗಿ ಗೆದ್ದು ಬಂದ ವೀರರ ಕಥೆ ಕೇಳಿ ಬೆಳೆದ ತಲೆಮಾರು, ಅದೇ ಮುಖಗಳನ್ನು ಈಗ ಮೆಟ್ಟಿಲ ಬಳಿ ಒಬ್ಬರ ಮೇಲೊಬ್ಬರು ಕಣ್ಣಿಡುವ ನೆರೆಹೊರೆಯವರಾಗಿ ನೋಡಬೇಕಾಯಿತು. ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ವಿಲ್ಹೆಲ್ಮಿಯವರ ನಟನೆಯ ಬಗ್ಗೆ ಒಂದು ಮಾತು. ಹಾಸ್ಯ ಪಾತ್ರ ಮಾಡುವ ಎಷ್ಟೋ ನಟರು ‘ನೋಡಿ, ನಾನೂ ನಿಮ್ಮ ಜೊತೆ ಇವನನ್ನು ನೋಡಿ ನಗುತ್ತಿದ್ದೇನೆ’ ಎಂಬಂತೆ ಪ್ರೇಕ್ಷಕರತ್ತ ಕಣ್ಣು ಮಿಟುಕಿಸುತ್ತಾರೆ. ವಿಲ್ಹೆಲ್ಮಿ ಹಾಗೆ ಮಾಡುವುದಿಲ್ಲ. ಅವರ ಆನ್ಯೊವ್ ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿದ್ದಾನೆ. ಜನ ತನ್ನ ಶ್ರಮವನ್ನು ಅರ್ಥಮಾಡಿಕೊಳ್ಳುತ್ತಿಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ನೋವಾಗುತ್ತದೆ. ಅವನ ಹೆಂಡತಿಯಾಗಿ ಬೊಝೆನಾ ಡಿಕೆಲ್ ಆ ನೋವಿಗೆ ಸರಿಸಾಟಿಯಾಗಿ ನಿಲ್ಲುತ್ತಾರೆ. ದುಷ್ಟನನ್ನು ನೋಡಿ ನಗುವುದು ಸುಲಭ. ತನ್ನನ್ನು ತಾನು ಸಜ್ಜನ ಎಂದುಕೊಂಡವನನ್ನು ನೋಡಿ ನಗುವಾಗ ಎಲ್ಲೋ ಒಂದು ಮುಳ್ಳು ನಮಗೂ ಚುಚ್ಚುತ್ತದೆ.

ಉರ್ದು ಓದಿದ ನಮಗೆ ಇಲ್ಲಿ ಒಂದು ಹಳೆಯ ಜೋಡಿ ಪದ ನೆನಪಾಗುತ್ತದೆ: ತಂಜ್ ಒ ಮಿಜಾಹ್. ಎರಡನ್ನೂ ಒಟ್ಟಿಗೇ ಹೇಳುವ ರೂಢಿ. ಆದರೆ ಎರಡೂ ಒಂದೇ ಅಲ್ಲ ಎಂದು ಮೇಷ್ಟರು ಹೇಳಿಕೊಡುತ್ತಿದ್ದರು. ಮಿಜಾಹ್ ಎಂದರೆ ಬದುಕಿನ ಓರೆಕೋರೆಗಳನ್ನು ಕಂಡು ಪ್ರೀತಿಯಿಂದ ನಗುವುದು. ತಂಜ್‌ಗೆ ಅಲಗು ಇರುತ್ತದೆ, ಅದು ಯಾರನ್ನೋ ಗುರಿಯಿಟ್ಟು ಬೀಸಿದ್ದು. ಕನ್ನಡದಲ್ಲಿ ಹಾಸ್ಯ, ವಿಡಂಬನೆ ಎಂದು ನಾವು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ‘ಆಲ್ತೆರ್ನತಿವಿ 4’ರಲ್ಲಿ ಅಲಗಿನ ತುದಿ ಕಾವಲುಗಾರನ ಕಡೆಗಿದೆ ಎಂದು ಮೊದಲು ಅನಿಸುತ್ತದೆ. ನೋಡುತ್ತಾ ಹೋದ ಹಾಗೆ ಅದು ಬಾಡಿಗೆದಾರರ ಕಡೆಗೆ ಹೊರಳುತ್ತದೆ. ಒಂಬತ್ತು ಕಂತುಗಳಲ್ಲಿ ‘ಪಿತೂರಿ’ ಎಂಬ ಹೆಸರಿನ ಕಂತು ಏಳನೆಯದು. ‘ಪತನ’ ಎಂಬುದು ಒಂಬತ್ತನೆಯದು. ಅಂದರೆ ಮೊದಲ ಆರು ಕಂತುಗಳಷ್ಟು ಕಾಲ ಈ ವಿದ್ಯಾವಂತ, ಅನುಭವಸ್ಥ, ಜಾಣ ಜನ ಒಬ್ಬ ಕಾವಲುಗಾರನಿಗೆ ಹೊಂದಿಕೊಂಡೇ ಇದ್ದರು. ಪ್ರೊಫೆಸರರ ವಿದ್ಯೆ ಅವರನ್ನು ಕಾಪಾಡಲಿಲ್ಲ. ಪಕ್ಷದ ಮನುಷ್ಯನ ಸಂಪರ್ಕಗಳೂ ನೆರವಿಗೆ ಬರಲಿಲ್ಲ. ಕೊನೆಗೆ ಎಲ್ಲರೂ ಒಟ್ಟಾಗುತ್ತಾರೆ ನಿಜ. ಆದರೆ ಹೊಸ ಕಾಂಕ್ರೀಟ್ ಗೂಡುಗಳಲ್ಲಿ ಒಬ್ಬರಿಗೊಬ್ಬರು ಅಪರಿಚಿತರಾಗಿದ್ದ ಇವರನ್ನು ನೆರೆಹೊರೆಯವರನ್ನಾಗಿ ಮಾಡಿದ್ದು ಯಾರು? ಅದೇ ಆನ್ಯೊವ್. ಅವನನ್ನು ಬಯ್ಯುವುದಕ್ಕಾಗಿ ಅವರು ಮೊದಲ ಸಲ ಪರಸ್ಪರ ಮಾತಾಡಿದರು. ಜನರನ್ನು ಒಂದು ಸಮುದಾಯವನ್ನಾಗಿ ಮಾಡುತ್ತೇನೆಂದು ಹೊರಟವನು ನಿಜವಾಗಿಯೂ ಹಾಗೆ ಮಾಡಿದ, ತನ್ನ ವಿರುದ್ಧವೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಧಾರಾವಾಹಿಗೆ ಹಣ ಹಾಕಿದವರು ಯಾರು? ಸರಕಾರವೇ. ಪೋಲೆಂಡಿನಲ್ಲಿ ಆಗ ಟೆಲಿವಿಷನ್ ಎಂದರೆ ಪ್ರಭುತ್ವದ ಟೆಲಿವಿಷನ್ ಒಂದೇ. 1981ರ ಡಿಸೆಂಬರ್ 13ರಂದು ಜನರಲ್ ಯಾರುಜೆಲ್‌ಸ್ಕಿ ಸೈನಿಕ ಶಾಸನ ಹೇರಿದಾಗ ಅದೇ ಟೆಲಿವಿಷನ್ನಿನಲ್ಲಿ ವಾರ್ತೆ ಓದುವವರು ಸೈನಿಕ ಸಮವಸ್ತ್ರ ತೊಟ್ಟು ಕೂತಿದ್ದರು. ಅನೇಕ ನಟ ನಟಿಯರು ಪ್ರತಿಭಟಿಸಿ ಟೆಲಿವಿಷನ್ನಿಗೆ ಬಹಿಷ್ಕಾರ ಹಾಕಿದರು. ಸೈನಿಕ ಶಾಸನ ಪೂರ್ತಿ ತೆರವಾದದ್ದು 1983ರ ಜುಲೈ 22ರಂದು. ಆ ಸಂಕಟದ ದಿನಗಳ ಆಸುಪಾಸಿನಲ್ಲಿ ರೂಪುಗೊಂಡ ಹಾಸ್ಯ ಇದು. ಮಾಡಿಸಿದ ಪ್ರಭುತ್ವವೇ ಅದನ್ನು ನೋಡಿ ಬೆದರಿ, ಡಬ್ಬದಲ್ಲಿಟ್ಟು, ಕತ್ತರಿ ಆಡಿಸಿ, ವರ್ಷಗಳ ಮೇಲೆ ಹೊರಬಿಟ್ಟಿತು. ಹೀಗೆ ಅನುಮತಿ ಪಡೆದ ನಗು ಎಂಥ ನಗು? ಕುಕ್ಕರಿನ ಸೀಟಿಯಂತೆ ಒತ್ತಡವನ್ನು ಹೊರಬಿಟ್ಟು, ಪಾತ್ರೆ ಸಿಡಿಯದಂತೆ ನೋಡಿಕೊಳ್ಳುವ ಉಪಾಯವೇ ಅದು?

ಈ ಅನುಮಾನ ನಮಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ನಾವೊಂದು ಕಥೆ ಬರೆದಿದ್ದೆವು. ಒಂದು ಸಣ್ಣ ಊರಿನ ಕಚೇರಿಯಲ್ಲಿ ವಿಧವೆಯರ ಅರ್ಜಿಗಳನ್ನು ‘ನಾಳೆ ಬನ್ನಿ’ ಎಂದು ವರ್ಷಗಟ್ಟಲೆ ಓಡಾಡಿಸುವ ಒಬ್ಬನ ಕಥೆ. ನಾವು ಕಣ್ಣಾರೆ ಕಂಡ ಒಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕಥೆ ಅಚ್ಚಾದ ತಿಂಗಳಲ್ಲಿ ಅವರೇ ಎದುರಾದರು. ಎದೆ ಡವಡವ ಎಂದಿತು. ಅವರು ನಮ್ಮ ಕೈ ಹಿಡಿದು, “ಸಾಹೇಬರೇ, ಕಥೆ ಓದಿದೆ. ನಕ್ಕೂ ನಕ್ಕೂ ಸಾಕಾಯ್ತು. ಇಂಥವರು ಇದ್ದಾರೆ ನೋಡಿ, ಚೆನ್ನಾಗಿ ಜಾಡಿಸಿದಿರಿ” ಎಂದರು. ಚಹಾ ಕುಡಿಸಿದರು. ನಾವೂ ಕುಡಿದೆವು. ಆ ವಿಧವೆಯರ ಅರ್ಜಿಗಳು ಎಲ್ಲಿದ್ದವೋ ಅಲ್ಲೇ ಇದ್ದವು.

ಹಾಗಾದರೆ ಬರೆಯಾ ಕೂಡ ನಮ್ಮ ಹಾಗೆ ಚಹಾ ಕುಡಿದು ಎದ್ದು ಹೋದವರೇ? ಹಾಗನಿಸುವುದಿಲ್ಲ. ಅವರಿಗೆ ಚಹಾ ಕೊಟ್ಟವರೇ ಕಡಿಮೆ. 1929ರಲ್ಲಿ ವಾರ್ಸಾದಲ್ಲಿ ಹುಟ್ಟಿ, ವುಜ್ ನಗರದ ಪ್ರಸಿದ್ಧ ಸಿನಿಮಾ ಶಾಲೆಯಲ್ಲಿ ಕಲಿತ ಇವರನ್ನು ವಿಮರ್ಶಕರು ಕೀಳು ಅಭಿರುಚಿಯ ಹಾಸ್ಯಗಾರ ಎಂದು ತಳ್ಳಿಹಾಕಿದ್ದರು. ಇನ್ನೊಬ್ಬ ದೊಡ್ಡ ನಿರ್ದೇಶಕ ಕಜಿಮೆಶ್ ಕುತ್ಸ್ ‘ಬರೆಯಿಜಮ್’ ಎಂಬ ಪದವನ್ನೇ ಹುಟ್ಟುಹಾಕಿದರು. ಕಳಪೆ ಸಿನಿಮಾಕ್ಕೆ ಇನ್ನೊಂದು ಹೆಸರು ಎಂಬ ಅರ್ಥದಲ್ಲಿ, ಬೈಗುಳವಾಗಿ. ‘ಮಿಶ್’ ಎಂಬ ಅವರ ಸಿನಿಮಾ ಇಂದು ಪೋಲಿಷ್ ಹಾಸ್ಯದ ಶಿಖರಗಳಲ್ಲೊಂದು. 1981ರಲ್ಲಿ ತೆರೆಗೆ ಬಂದಾಗ ಅದಕ್ಕೆ ಅಂಥ ಮಾನ ಸಿಗಲಿಲ್ಲ. ಗಂಭೀರ ನಿರ್ದೇಶಕರು ಇತಿಹಾಸದ ದೊಡ್ಡ ದುರಂತಗಳನ್ನು ಚಿತ್ರಿಸುತ್ತಿದ್ದಾಗ ಇವರು ಚಿಲಕ ಕೂರದ ಬಾಗಿಲು, ನೀರು ಬಾರದ ನಲ್ಲಿ, ಸಹಿ ಹಾಕದ ಗುಮಾಸ್ತ ಇವರನ್ನೇ ಹಿಡಿದು ಕೂತರು. ‘ಆಲ್ತೆರ್ನತಿವಿ 4’ ಪ್ರಸಾರವಾಗಿ ವರ್ಷ ತುಂಬುವ ಮೊದಲೇ, 1987ರ ಜೂನ್‌ನಲ್ಲಿ, ಜರ್ಮನಿಯ ಎಸ್ಸೆನ್ ನಗರದಲ್ಲಿ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಅದಾದ ಎರಡು ವರ್ಷಕ್ಕೆ ಆ ವ್ಯವಸ್ಥೆಯೂ ತೀರಿಕೊಂಡಿತು. ಅವರ ನಗುವಿನಿಂದ ವ್ಯವಸ್ಥೆ ಬಿತ್ತು ಎಂದರೆ ಅದು ಉತ್ಪ್ರೇಕ್ಷೆ. ಗದಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರು ಬೀದಿಗಿಳಿದು, ಕೆಲಸ ಕಳೆದುಕೊಂಡು, ಜೈಲು ಸೇರಿ ಮಾಡಿದ ಕೆಲಸವನ್ನು ಒಂದು ಧಾರಾವಾಹಿಯ ಲೆಕ್ಕಕ್ಕೆ ಬರೆಯಬಾರದು.

ನಗು ಮಾಡಿದ್ದು ಬೇರೆ. ಬೀದಿಗಿಳಿಯದೆ ಮನೆಯಲ್ಲೇ ಉಳಿದವರಿಗೆ, ಅಂದರೆ ಬಹುಪಾಲು ಜನರಿಗೆ, ತಾವು ಹೇಗೆ ಬದುಕಿದೆವು ಎಂಬುದರ ಲೆಕ್ಕವನ್ನು ಅದು ಬರೆದಿಟ್ಟಿತು. ದೇಶದ ಇತಿಹಾಸ ಬರೆಯುವವರು ಒಂದು ಕಡೆ ದಬ್ಬಾಳಿಕೆಗಾರರನ್ನೂ ಇನ್ನೊಂದು ಕಡೆ ಹೋರಾಟಗಾರರನ್ನೂ ನಿಲ್ಲಿಸುತ್ತಾರೆ. ನಡುವೆ ಲಕ್ಷಾಂತರ ಜನ ಇದ್ದಾರೆ. ಅವರು ದಬ್ಬಾಳಿಕೆ ಮಾಡಲಿಲ್ಲ, ಹೋರಾಡಲೂ ಇಲ್ಲ. ಕಾಗದ ಒಡೆದು ಓದಿದವನಿಗೆ ‘ನಮಸ್ಕಾರ’ ಎಂದು ಹೇಳಿ ಮೆಟ್ಟಿಲು ಹತ್ತಿದರು. ಅವರ ಬಗ್ಗೆ ಗಂಭೀರವಾಗಿ ಬರೆದರೆ ಅದು ಆರೋಪಪಟ್ಟಿಯಾಗುತ್ತದೆ, ಮರುಕದಿಂದ ಬರೆದರೆ ಸುಳ್ಳಾಗುತ್ತದೆ. ಹಾಸ್ಯಕ್ಕೆ ಮಾತ್ರ ಆರೋಪವನ್ನೂ ಕ್ಷಮೆಯನ್ನೂ ಒಂದೇ ಉಸಿರಿನಲ್ಲಿ ಹೇಳಲು ಬರುತ್ತದೆ. ಪೋಲೆಂಡಿನ ಜನ ಇದನ್ನು ಮತ್ತೆ ಮತ್ತೆ ನೋಡುವುದಕ್ಕೆ ಇದೇ ಕಾರಣವಿರಬೇಕು ಎಂದು ನಮ್ಮ ಊಹೆ. ಹಳೆಯ ಕಾಲದ ಹಂಬಲ ಎಂದು ಕೆಲವರು ಹೇಳುತ್ತಾರೆ. ಮಾಂಸದ ಚೀಟಿಗಾಗಿ ಯಾರು ಹಂಬಲಿಸುತ್ತಾರೆ? ಸರತಿ ಸಾಲನ್ನೇ ಕಾಣದ ಹುಡುಗರೂ ಇದನ್ನು ನೋಡಿ ನಗುತ್ತಾರಲ್ಲ, ಅವರದು ಯಾವ ಹಂಬಲ?

ಅವರು ಆನ್ಯೊವ್‌ನನ್ನು ಬೇರೆಲ್ಲೋ ಕಂಡಿರಬೇಕು. 1989ರ ನಂತರ ವಾರ್ಸಾದಲ್ಲಿ ಗೇಟು ಹಾಕಿದ, ಬೇಲಿ ಕಟ್ಟಿದ, ಸಮವಸ್ತ್ರದ ಕಾವಲುಗಾರರನ್ನಿಟ್ಟ ಖಾಸಗಿ ವಸತಿ ಸಮುಚ್ಚಯಗಳು ಸಾಲುಸಾಲಾಗಿ ಎದ್ದವು. ದೊಡ್ಡ ಗೋಡೆ ಬಿದ್ದ ಖುಷಿಯಲ್ಲೇ ಜನ ಸಾಲ ಮಾಡಿ ಸಣ್ಣ ಗೋಡೆಗಳನ್ನು ಕೊಂಡುಕೊಂಡರು. ಯಾರ ಮನೆಗೆ ಯಾರು ಬಂದರು ಎಂಬುದನ್ನು ಈಗ ಕ್ಯಾಮೆರಾ ಬರೆದಿಡುತ್ತದೆ. ವ್ಯತ್ಯಾಸವೆಂದರೆ ಅಂದು ಆನ್ಯೊವ್‌ನನ್ನು ಮೇಲಿನವರು ಹೇರಿದ್ದರು, ಇಂದು ನಿವಾಸಿಗಳೇ ಸಭೆ ಸೇರಿ, ಕೈ ಎತ್ತಿ, ಸಂಬಳ ಕೊಟ್ಟು ನೇಮಿಸಿಕೊಳ್ಳುತ್ತಾರೆ.

ಧಾರಾವಾಹಿಯ ಎಲ್ಲ ನಗುವೂ ಚೆನ್ನಾಗಿ ವಯಸ್ಸಾಗಿಲ್ಲ ಎಂಬುದನ್ನೂ ಹೇಳಬೇಕು. ಕಟ್ಟಡದಲ್ಲಿ ಅಮೆರಿಕದಿಂದ ಓದಲು ಬಂದ ಒಬ್ಬ ಕಪ್ಪು ಮನುಷ್ಯನಿದ್ದಾನೆ. ಅವನ ಹೆಸರು ಅಬ್ರಹಾಂ ಲಿಂಕನ್. ಪಾತ್ರ ಮಾಡಿದವರು ಮುಖಕ್ಕೆ ಕಪ್ಪು ಬಳಿದುಕೊಂಡ ಒಬ್ಬ ಬಿಳಿಯ ಪೋಲಿಷ್ ನಟ. ಹೊರಗಿನವನ ಕಣ್ಣಿನಿಂದ ತಮ್ಮ ದೇಶದ ಹುಚ್ಚಾಟವನ್ನು ತೋರಿಸುವುದು ಬರಹಗಾರರ ಉದ್ದೇಶವಾಗಿತ್ತು. ದುರುದ್ದೇಶ ಇತ್ತೆಂದು ನಮಗೆ ಅನಿಸಲಿಲ್ಲ. ಆದರೂ ಆ ದೃಶ್ಯಗಳು ಬಂದಾಗ ನಮ್ಮ ನಗು ಗಂಟಲಲ್ಲೇ ನಿಂತಿತು. ಕಾವಲುಗಾರನ ಕಾಟ ತಿಂದವರು ಕೂಡ, ಅವಕಾಶ ಸಿಕ್ಕರೆ, ತಮಗಿಂತ ಒಂಟಿಯಾದವನೊಬ್ಬನ ಬಣ್ಣವನ್ನು ನೋಡಿ ನಗಬಲ್ಲರು. ಬರೆಯಾನಂಥ ಸೂಕ್ಷ್ಮ ಮನುಷ್ಯನಿಗೂ ಅದು ಕಾಣಲಿಲ್ಲ. ಮುಂದಿನವರಿಗೆ ನಮ್ಮ ಕಥೆಗಳಲ್ಲಿ ಏನೇನು ಕಾಣುತ್ತದೋ.

ಉರ್ಸಿನುಫ್ ಈಗ ಸುಮಾರು ಒಂದೂವರೆ ಲಕ್ಷ ಜನರ ಬಡಾವಣೆ. 1995ರಿಂದ ಮೆಟ್ರೊ ರೈಲು ಬರುತ್ತದೆ. ಚಿತ್ರೀಕರಣ ನಡೆದ ಕಟ್ಟಡ ಮಾರಿಯಾ ಗ್ಶೆಗೊಜೆಫ್‌ಸ್ಕಾ ಬೀದಿಯಲ್ಲಿದೆ, ಅದರ ಸಂಖ್ಯೆ ನಾಲ್ಕಲ್ಲ, ಮೂರು. ಬಡಾವಣೆಯವರು ತಮ್ಮ ಸಾಂಸ್ಕೃತಿಕ ಕೇಂದ್ರಕ್ಕೆ ‘ಆಲ್ತೆರ್ನತಿವಿ’ ಎಂದೇ ಹೆಸರಿಟ್ಟುಕೊಂಡಿದ್ದಾರೆ. ಅದರ ವಿಳಾಸ ಹುಡುಕಿದಾಗ ನಾವು ಒಂದು ಕ್ಷಣ ಬೆಚ್ಚಿದೆವು: ಇಂದಿರಾ ಗಾಂಧಿ ಬೀದಿ, 9. ನಮ್ಮ ದೇಶದ ಈ ಪ್ರಧಾನಿಯ ಹೆಸರಿನ ಬೀದಿಯಲ್ಲಿ ಅವರ ಆ ಕಾವಲುಗಾರನ ಮನೆಯ ಹೆಸರಿದೆ. 1975ರ ಜೂನ್‌ನಿಂದ ಇಪ್ಪತ್ತೊಂದು ತಿಂಗಳು ನಮ್ಮಲ್ಲೂ ಪತ್ರಿಕೆಗಳು ಅಚ್ಚಾಗುವ ಮೊದಲು ಬೇರೆಯವರ ಕಣ್ಣಿಗೆ ಬೀಳಬೇಕಿತ್ತು. ಆ ಕಾಲದ ಬಗ್ಗೆ ಕೇಳಿದರೆ ನಮ್ಮ ಹಿರಿಯರಲ್ಲಿ ಹಲವರು ‘ರೈಲು ಸರಿಯಾದ ಹೊತ್ತಿಗೆ ಬರುತ್ತಿತ್ತು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಅವರ ಮನೆಯ ಕಾಗದಗಳನ್ನು ಯಾರು ಓದಿದ್ದರೋ, ನಾವು ಕೇಳಲಿಲ್ಲ.